ನಾದಿರಾಳನ್ನು ಯಾರೂ ಕೇಳಲಿಲ್ಲ

(ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ ಮತ್ತು ಶಿಡ್ಲಘಟ್ಟ ತಾಲ್ಲೂಕುಗಳ ಸ್ವಸಹಾಯ ಗುಂಪುಗಳ ಸದಸ್ಯೆಯರು ಶಿಡ್ಲಘಟ್ಟದಲ್ಲಿ ಸೇರಿದ್ದಾಗ ಮಾಡಿದ ಭಾಷಣದ ಬರಹರೂಪ)



ಉಳಿತಾಯ, ಸಾಲ, ಕಂತಿನ ಮಾತು ಬೆಳಿಗ್ಗೆಯೇ ಮುಗಿಯಿತು. ಈಗ ನಾನು ಒಬ್ಬ ಲೇಖಕಿಯ ಬಗ್ಗೆ ಮಾತನಾಡುತ್ತೇನೆ. ವರದಕ್ಷಿಣೆ, ಹೊಡೆತ ಬಡಿತದ ವಿರುದ್ಧ ನಿಂತಿರುವ ನಮಗೆ ಕಥೆ ಕಾದಂಬರಿ ಯಾಕೆ ಎಂದು ಕೆಲವರಿಗೆ ಅನ್ನಿಸಬಹುದು. ಮೊದಲು ಕೇಳಿ, ಆಮೇಲೆ ಹೇಳಿ.

ಆಕೆ ಸಾರಾ ಅಬೂಬಕ್ಕರ್. 1936ರಲ್ಲಿ ಕಾಸರಗೋಡಿನಲ್ಲಿ ಹುಟ್ಟಿದವರು. ಮನೆಯಲ್ಲಿ ಮಲಯಾಳಂ, ಶಾಲೆಯಲ್ಲಿ ಕನ್ನಡ. ನಮ್ಮ ಕಡೆಯೂ ಹಾಗೆಯೇ ಅಲ್ಲವೇ? ಶಿಡ್ಲಘಟ್ಟದ ನೂಲು ಬಿಚ್ಚುವ ಎಷ್ಟೋ ಮನೆಗಳಲ್ಲಿ ಉರ್ದು, ಚಿಂತಾಮಣಿ, ಗೌರಿಬಿದನೂರಿನ ಎಷ್ಟೋ ಹಳ್ಳಿಗಳಲ್ಲಿ ತೆಲುಗು. ಕನ್ನಡವನ್ನು ನಾವು ಶಾಲೆಯಲ್ಲೋ ಸಂಘದ ಪುಸ್ತಕದಲ್ಲೋ ಕಲಿತೆವು. ಹಾಗೆ ಕಲಿತ ಕನ್ನಡದಲ್ಲೇ ಸಾರಾ ಕಾದಂಬರಿ ಬರೆದರು.

ಅವರ ಸಮುದಾಯದ ಹೆಣ್ಣುಮಕ್ಕಳು ಹೈಸ್ಕೂಲಿಗೆ ಹೋಗುವುದೇ ಅಪರೂಪವಾಗಿದ್ದ ಕಾಲ ಅದು. ವಕೀಲರಾಗಿದ್ದ ತಂದೆ ಮಗಳನ್ನು ಓದಿಸಿದರು. ಶಾಲೆ ಮುಗಿದ ಮೇಲೆ ಮದುವೆ, ನಾಲ್ವರು ಗಂಡುಮಕ್ಕಳು, ಮನೆವಾರ್ತೆ. ಗ್ರಂಥಾಲಯದ ಸದಸ್ಯತ್ವ ಸಿಕ್ಕಿದ್ದು 1963ರಲ್ಲಿ. 1981ರಲ್ಲಿ ಅವರ ಲೇಖನ 'ಲಂಕೇಶ್ ಪತ್ರಿಕೆ'ಯಲ್ಲಿ ಬಂದಾಗ ಅವರಿಗೆ ನಲವತ್ತೈದರ ವಯಸ್ಸು. "ಇನ್ನು ಈ ವಯಸ್ಸಿನಲ್ಲಿ ನಮಗೇನು ಬರುತ್ತೆ ಅಕ್ಕಾ" ಎಂದು ಸಂಘದಲ್ಲಿ ಪದೇ ಪದೇ ಕೇಳುತ್ತೇನೆ. ಹಾಗೆ ಹೇಳುವವರು ಈ ಲೆಕ್ಕವನ್ನು ನೆನಪಿಟ್ಟುಕೊಳ್ಳಿ.

ಅದೇ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದದ್ದು 'ಚಂದ್ರಗಿರಿಯ ತೀರದಲ್ಲಿ'. ಅದರ ನಾಯಕಿ ನಾದಿರಾ ಇನ್ನೂ ಎಳೆಯ ಹೆಣ್ಣು. ನಿಮ್ಮ ಮನೆಯಲ್ಲಿ ಹೈಸ್ಕೂಲು ಮುಗಿಸಿದ ಮಗಳಿದ್ದರೆ ಅವಳೂ ಓದಬಹುದಾದ ಪುಸ್ತಕ. ನಾದಿರಾಳಿಗೆ ರಶೀದನ ಜೊತೆ ಮದುವೆಯಾಗುತ್ತದೆ. ಇಬ್ಬರೂ ಪ್ರೀತಿಯಿಂದ ಇರುತ್ತಾರೆ, ಮಗುವಾಗುತ್ತದೆ. ಆದರೆ ಮಾವನಿಗೂ ಅಳಿಯನಿಗೂ ವಿರಸ ಹುಟ್ಟುತ್ತದೆ. ಹಟಮಾರಿ ತಂದೆ ಮಗಳನ್ನು ಗಂಡನ ಮನೆಗೆ ಕಳಿಸುವುದಿಲ್ಲ. ಅವಳ ಮನಸ್ಸಿಗೆ ವಿರುದ್ಧವಾಗಿ ತಲಾಖ್ ಆಗುವಂತೆ ಮಾಡುತ್ತಾನೆ. ಮುಂದೆ ಗಂಡಹೆಂಡಿರು ಮತ್ತೆ ಒಂದಾಗಬೇಕೆಂದಾಗ, ಅವಳು ಇನ್ನೊಬ್ಬನನ್ನು ಮದುವೆಯಾಗಿ, ಒಂದು ರಾತ್ರಿ ಅವನೊಂದಿಗಿದ್ದು, ತಲಾಖ್ ಪಡೆದು ಬರಬೇಕು ಎಂಬ ಕಟ್ಟಳೆ ಎದುರಾಗುತ್ತದೆ. ನಾದಿರಾ ಮಸೀದಿಯ ಕೊಳದ ನೀರಿನಲ್ಲಿ ಪ್ರಾಣ ಬಿಡುತ್ತಾಳೆ.

ಇಲ್ಲಿ ಗಂಡ ಹೊಡೆಯುವವನಲ್ಲ, ಅತ್ತೆ ಸೀಮೆಎಣ್ಣೆ ಸುರಿದವಳಲ್ಲ. ಆದರೂ ಒಂದು ಜೀವ ಹೋಯಿತು. ಯಾಕೆ? ಮದುವೆ ಮಾಡುವಾಗ, ಬಿಡಿಸುವಾಗ, ಮತ್ತೆ ಕೂಡಿಸುವಾಗ, "ನಿನಗೇನು ಬೇಕು?" ಎಂದು ಅವಳನ್ನು ಯಾರೂ ಕೇಳಲಿಲ್ಲ. ಅವಳ ಬದುಕಿನ ತೀರ್ಮಾನವನ್ನೆಲ್ಲ ಗಂಡಸರೇ ಮಾಡಿದರು.

ಇದು ಅವರ ಜಾತಿಯ ಕಥೆ, ನಮಗೆ ಸಂಬಂಧವಿಲ್ಲ ಎನ್ನಬೇಡಿ. ಮುರುಗಮಲ್ಲದ ದರ್ಗಾಕ್ಕೆ ಹಿಂದೂ ಮುಸ್ಲಿಂ ಎನ್ನದೆ ಹರಕೆ ಹೊತ್ತು ಹೋಗುವ ಹೆಣ್ಣುಮಕ್ಕಳು ನಾವು. ಹೆಣ್ಣು ನೋಡಲು ಬಂದವರ ಮುಂದೆ ಕಾಫಿ ತಟ್ಟೆ ಹಿಡಿದು ನಿಂತ ಹುಡುಗಿಯನ್ನು ನಮ್ಮಲ್ಲಿ ಎಷ್ಟು ಮನೆಗಳಲ್ಲಿ ಕೇಳುತ್ತೇವೆ? ನಿಖಾದಲ್ಲಿ ಹೆಣ್ಣಿನ ಒಪ್ಪಿಗೆ ಕೇಳಲೇಬೇಕು. ಮೆಹರ್ ಹೆಣ್ಣಿಗೆ ಸಲ್ಲಬೇಕಾದದ್ದು. ಹಾಗಿದ್ದೂ ಗಂಡಿನ ಕಡೆಯವರಿಗೆ ಹಣ, ಒಡವೆ, ಬೈಕು ಕೊಡುವುದು ಅಲ್ಲಿಯೂ ಬಂದಿದೆ. 1961ರ ವರದಕ್ಷಿಣೆ ನಿಷೇಧ ಕಾಯಿದೆ ಎಲ್ಲ ಧರ್ಮದವರಿಗೂ ಅನ್ವಯಿಸುತ್ತದೆ. ಮೆಹರ್ ವರದಕ್ಷಿಣೆಯಲ್ಲ ಎಂದೂ ಅದರಲ್ಲೇ ಬರೆದಿದೆ.

ಬರೆದದ್ದಕ್ಕೆ ಸಾರಾ ಅವರಿಗೆ ಹೂವಿನ ಹಾರ ಮಾತ್ರ ಬೀಳಲಿಲ್ಲ. ಧರ್ಮಕ್ಕೆ ಕೆಟ್ಟ ಹೆಸರು ತಂದಳು ಎಂದು ಸ್ವಂತ ಸಮುದಾಯದ ಸಂಪ್ರದಾಯವಾದಿಗಳು ಕೆರಳಿದರು. ಅವರು ಪೆನ್ನು ಕೆಳಗಿಡಲಿಲ್ಲ. 'ಸಹನಾ', 'ವಜ್ರಗಳು', 'ಚಪ್ಪಲಿಗಳು' ಬಂದವು. ಚಂದ್ರಗಿರಿ ಪ್ರಕಾಶನ ಎಂಬ ತಮ್ಮದೇ ಪ್ರಕಾಶನ ಕಟ್ಟಿದರು. ಹಾಗೆಂದು ತಮ್ಮ ಮಾತನ್ನು ಮುಸ್ಲಿಮರ ಮೇಲೆ ದ್ವೇಷ ಕಾರುವವರ ಕೈಗೂ ಕೊಡಲಿಲ್ಲ. ಎರಡೂ ಕಡೆಯ ಮತಾಂಧರನ್ನು ಖಂಡಿಸಿದರು. 2010ರಲ್ಲಿ ಆತ್ಮಕಥೆ 'ಹೊತ್ತು ಕಂತುವ ಮುನ್ನ' ಬಂತು. 2023ರ ಜನವರಿಯಲ್ಲಿ ಮಂಗಳೂರಿನಲ್ಲಿ ತೀರಿಕೊಂಡರು. ಮುಸ್ಲಿಂ ಹೆಣ್ಣುಮಕ್ಕಳ ಬದುಕನ್ನೇ ಕಥೆ ಮಾಡಿದ ಹಾಸನದ ಬಾನು ಮುಷ್ತಾಕ್ ಅವರ ಪುಸ್ತಕದ ಇಂಗ್ಲಿಷ್ ಅನುವಾದಕ್ಕೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಾಗ, ನನಗೆ ಸಾರಾ ಅವರ ನೆನಪಾಯಿತು.

ನಾದಿರಾಳ ಕಾಲಕ್ಕಿಂತ ಇಂದು ಕಾನೂನು ಬದಲಾಗಿದೆ. ಒಂದೇ ಉಸಿರಿಗೆ ಮೂರು ಬಾರಿ ಹೇಳುವ ತಲಾಖನ್ನು ಸುಪ್ರೀಂ ಕೋರ್ಟು 2017ರಲ್ಲಿ ತಳ್ಳಿಹಾಕಿತು. 2019ರ ಕಾಯಿದೆ ಅದನ್ನು ಅಪರಾಧವೆಂದು ಮಾಡಿತು. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯಿದೆ ಯಾವ ಧರ್ಮದ ಹೆಣ್ಣಿಗೂ ಇದೆ. ಗಂಡನ ಮನೆಯ ಕ್ರೌರ್ಯಕ್ಕೆ ನಾವು 498(ಎ) ಎನ್ನುತ್ತಿದ್ದ ಕಲಂ 2024ರ ಜುಲೈನಿಂದ ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಂ ಆಗಿದೆ. ಸಹಾಯವಾಣಿ 181. ಇವನ್ನು ಸಂಘದ ಪುಸ್ತಕದ ಮೊದಲ ಪುಟದಲ್ಲೇ ಬರೆದುಕೊಳ್ಳಿ.

ಆದರೆ ಹೆಣ್ಣು ಬಾಯಿ ಬಿಟ್ಟು ಹೇಳದೆ ಯಾವ ಕಾಯಿದೆಯೂ ಮನೆಯೊಳಗೆ ಬರುವುದಿಲ್ಲ. ಹೇಳಲು ಅವಳಿಗೊಂದು ಜಾಗ ಬೇಕು, ಕೇಳುವವರು ಬೇಕು. ನಾದಿರಾಳಿಗೆ ಅಂಥ ಹತ್ತು ಜನ ಇರಲಿಲ್ಲ. ನಮಗೆ ವಾರಕ್ಕೊಮ್ಮೆ ಸೇರುವ ಸಂಘ ಇದೆ.

ಆದ್ದರಿಂದ ಎರಡು ಕೆಲಸ ಮಾಡೋಣ. ಉಳಿತಾಯದ ಹಣ ಎಣಿಸಿದ ಮೇಲೆ ಓದಲು ಬರುವ ಒಬ್ಬಳು ಈ ಕಾದಂಬರಿಯ ನಾಲ್ಕು ಪುಟ ಗಟ್ಟಿಯಾಗಿ ಓದಲಿ. ಅರ್ಥವಾಗದ ಕಡೆ ಉರ್ದುವಿನಲ್ಲೋ ತೆಲುಗಿನಲ್ಲೋ ಹೇಳಿಕೊಳ್ಳಿ. ಎರಡನೆಯದು, ಸದಸ್ಯೆಯ ಮನೆಯಲ್ಲಿ ಮದುವೆ ಮಾತು ಎದ್ದರೆ ಸಂಘದಿಂದ ಇಬ್ಬರು ಹೋಗಿ ಆ ಹುಡುಗಿಯನ್ನು ಒಬ್ಬಳನ್ನೇ ಕೂರಿಸಿಕೊಂಡು ಕೇಳಿ: ನಿನಗೆ ಒಪ್ಪಿಗೆಯಿದೆಯೇನಮ್ಮಾ? ಅವಳು ಬೇಡವೆಂದರೆ ಅವಳ ಜೊತೆ ನಿಲ್ಲಿ.