ವಾಡಿಕೆ ಮಳೆ ಅಂದ್ರೆ ಎಷ್ಟು ಮಳೆ?

ಇವತ್ತಿನ ಸಂಚಿಕೆ ಪೂರ್ತಿ ಒಂದು ಪದದ ಸುತ್ತ. ಆ ಪದ ‘ವಾಡಿಕೆ’.

ಮಳೆಗಾಲ ಶುರುವಾಯ್ತು ಅಂದ್ರೆ ಪೇಪರ್‌ನಲ್ಲಿ, ಟಿವಿಯಲ್ಲಿ, ವಾಟ್ಸ್‌ಆ್ಯಪ್ ಗ್ರೂಪ್‌ಗಳಲ್ಲಿ ಎಲ್ಲ ಕಡೆ ಇದೇ ಸಾಲು. ವಾಡಿಕೆಗಿಂತ ಶೇ 12ರಷ್ಟು ಕಡಿಮೆ ಮಳೆ, ವಾಡಿಕೆಗಿಂತ ಶೇ 30ರಷ್ಟು ಹೆಚ್ಚು ಮಳೆ. ನಾನು ಶಿಕಾರಿಪುರದವಳು, ಅಮ್ಮನ ತವರು ಸೊರಬ ತಾಲ್ಲೂಕು. ಇಲ್ಲಿ ಚಿಕ್ಕಪ್ಪನ ಮೆಕ್ಕೆಜೋಳ, ಅಲ್ಲಿ ಮಾವನ ಗದ್ದೆ, ತೋಟ. ಹಾಗಾಗಿ ಈ ಸಾಲು ನಮ್ಮ ಮನೆಯಲ್ಲಿ ಸುಮ್ಮನೆ ಓದಿ ಬಿಡೋ ಸುದ್ದಿ ಅಲ್ಲ. ಗೊಬ್ಬರ ತರಬೇಕಾ, ಇನ್ನೊಂದು ವಾರ ಕಾಯಬೇಕಾ, ವಿಮೆ ಕಟ್ಟಬೇಕಾ ಅನ್ನೋದೆಲ್ಲ ಅದರ ಮೇಲೆ ನಿಂತಿರುತ್ತೆ.

ಆದ್ರೆ ಆ ಸಾಲಿನಲ್ಲಿ ಅರ್ಧ ಲೆಕ್ಕ ಮಾತ್ರ ಇರುತ್ತೆ. ಇನ್ನರ್ಧ ಏನು ಅಂತ ಹೇಳ್ತೀನಿ.

ವಾಡಿಕೆ ಮಳೆ ಅಂದ್ರೆ ಹಿಂದಿನ ಹಲವು ವರ್ಷಗಳ ಮಳೆ ಕೂಡಿ, ವರ್ಷಗಳ ಸಂಖ್ಯೆಯಿಂದ ಭಾಗಿಸಿದ್ದು. ಸರಾಸರಿ, ಅಷ್ಟೇ. ಹವಾಮಾನ ಇಲಾಖೆ ಇಡೀ ದೇಶದ ಮುಂಗಾರಿಗೆ ಈಗ ಬಳಸೋದು 1971ರಿಂದ 2020ರವರೆಗಿನ 50 ವರ್ಷಗಳ ಸರಾಸರಿ, ಸುಮಾರು 87 ಸೆಂಟಿಮೀಟರ್. ನಾವು ‘ವಾಡಿಕೆ’ ಅಂದ ತಕ್ಷಣ ‘ಸಾಮಾನ್ಯವಾಗಿ ಇಷ್ಟೇ ಬರುತ್ತೆ’ ಅಂತ ಅಂದ್ಕೊಳ್ತೀವಿ. ಸರಾಸರಿ ಆ ಮಾತು ಹೇಳೋದೇ ಇಲ್ಲ.

ಎರಡು ಊರು ಇಟ್ಕೊಳ್ಳಿ, ಸುಮ್ಮನೆ ಲೆಕ್ಕಕ್ಕೆ. ಮೊದಲನೇ ಊರಲ್ಲಿ ಐದು ವರ್ಷ ಬಂದ ಮಳೆ 95, 105, 100, 90, 110. ಎರಡನೇ ಊರಲ್ಲಿ 60, 140, 100, 75, 125. ಎರಡೂ ಊರಿನ ಸರಾಸರಿ 100. ಪೇಪರ್‌ನವರ ಕಣ್ಣಿಗೆ ಎರಡೂ ಒಂದೇ. ಆದ್ರೆ ಎರಡನೇ ಊರಲ್ಲಿ ಬೇಸಾಯ ಮಾಡೋರಿಗೆ ಎದೆ ಗಟ್ಟಿ ಇರಬೇಕು.

ಈ ವ್ಯತ್ಯಾಸವನ್ನ ಒಂದೇ ಸಂಖ್ಯೆಯಲ್ಲಿ ಹೇಳೋದಕ್ಕೆ ಸ್ಟ್ಯಾಂಡರ್ಡ್ ಡೀವಿಯೇಷನ್ ಇದೆ. ಕನ್ನಡ ಮೀಡಿಯಂನಲ್ಲಿ ಓದಿದವರಿಗೆ ನೆನಪಿರಬಹುದು, ಹೈಸ್ಕೂಲ್ ಗಣಿತದ ‘ಮಾನಕ ವಿಚಲನೆ’. ಪರೀಕ್ಷೆಗೆ ಟೇಬಲ್ ಹಾಕಿ, ಅಂಕ ತಗೊಂಡು, ಮರೆತುಬಿಡ್ತೀವಲ್ಲ, ಅದೇ. ಪ್ರತಿ ವರ್ಷದ ಮಳೆ ಸರಾಸರಿಯಿಂದ ಎಷ್ಟು ದೂರ ಇದೆ ನೋಡಿ, ಆ ದೂರವನ್ನ ವರ್ಗ ಮಾಡಿ, ವರ್ಗಗಳ ಸರಾಸರಿ ತೆಗೆದು, ಅದರ ವರ್ಗಮೂಲ ತೆಗೀಬೇಕು. ಮೊದಲನೇ ಊರಿಗೆ ಅದು ಸುಮಾರು 7 ಬರುತ್ತೆ. ಎರಡನೇ ಊರಿಗೆ ಸುಮಾರು 30. ಬಾಯಿಮಾತಿಗೆ ನಾನು ಇದನ್ನ ‘ಹರವು’ ಅಂತೀನಿ. ಸರಾಸರಿಯ ಎರಡೂ ಪಕ್ಕ ಮಳೆ ಎಷ್ಟು ದೂರ ಹರಡಿಕೊಂಡಿದೆ ಅನ್ನೋ ಅರ್ಥದಲ್ಲಿ.

ಈಗ ಗಂಟೆ ಆಕಾರದ ಗೆರೆ, ನಾರ್ಮಲ್ ಡಿಸ್ಟ್ರಿಬ್ಯೂಷನ್. ಸಣ್ಣ ಸಣ್ಣ ಕಾರಣಗಳು ತುಂಬ ಸೇರಿ ಒಂದು ಮೊತ್ತ ಆದಾಗ, ಆ ಮೊತ್ತ ಹೆಚ್ಚು ಸಲ ನಡುವಿನಲ್ಲಿ ಬೀಳುತ್ತೆ, ಅಂಚಿನಲ್ಲಿ ಅಪರೂಪಕ್ಕೆ ಬೀಳುತ್ತೆ. ಚಿತ್ರ ಬರೆದರೆ ದೇವಸ್ಥಾನದ ಗಂಟೆ ಕವುಚಿ ಇಟ್ಟ ಹಾಗೆ ಕಾಣುತ್ತೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ 122 ದಿನದ ಮಳೆ ಕೂಡಿದರೆ ಬರೋ ಮೊತ್ತ ಸುಮಾರಾಗಿ ಈ ಆಕಾರಕ್ಕೆ ಹತ್ತಿರ ಇರುತ್ತೆ. ಗಂಟೆಯ ನಿಯಮ ಸುಲಭ. ಸರಾಸರಿಯಿಂದ ಆಚೆ ಒಂದು ಹರವು, ಈಚೆ ಒಂದು ಹರವು, ಇದರೊಳಗೆ 100ರಲ್ಲಿ 68 ವರ್ಷ. ಎರಡೆರಡು ಹರವಿನೊಳಗೆ 95 ವರ್ಷ. ಮೂರರೊಳಗೆ ಹೆಚ್ಚುಕಡಿಮೆ ಎಲ್ಲಾ.

ದೇಶದ ಒಟ್ಟು ಮುಂಗಾರಿನ ಹರವು ಸರಾಸರಿಯ ಶೇ 10ರಷ್ಟಿದೆ. ಅಂದ್ರೆ ಮೂರು ವರ್ಷದಲ್ಲಿ ಎರಡು ವರ್ಷ ಶೇ 90ರಿಂದ 110ರ ನಡುವೆ ಇರುತ್ತೆ. ಇಡೀ ದೇಶದ ಲೆಕ್ಕದಲ್ಲಿ ಹವಾಮಾನ ಇಲಾಖೆ ‘ಕೊರತೆ’ ಅನ್ನೋದು ಶೇ 90ಕ್ಕಿಂತ ಕೆಳಗೆ ಹೋದಾಗ. ಸರಿಯಾಗಿ ಒಂದು ಹರವಿನ ಆಚೆ. ಇದು ಯೋಚನೆ ಮಾಡಿ ಎಳೆದ ಗೆರೆ.

ಜಿಲ್ಲೆ, ತಾಲ್ಲೂಕಿಗೆ ಬಂದಾಗ ಮಾತ್ರ ನಂಗೆ ತಕರಾರು ಇದೆ. ಅಲ್ಲಿ ಎಲ್ಲರಿಗೂ ಒಂದೇ ಅಳತೆ. ವಾಡಿಕೆಗಿಂತ ಶೇ 19 ಹೆಚ್ಚು, ಶೇ 19 ಕಡಿಮೆ, ಇದರೊಳಗೆ ಇದ್ದರೆ ‘ಸಾಮಾನ್ಯ’. ಶೇ 20ರಿಂದ 59 ಕಡಿಮೆ ಆದರೆ ‘ಕೊರತೆ’. ಊರು ಯಾವುದೇ ಇರಲಿ, ಅದರ ಹರವು ಎಷ್ಟೇ ಇರಲಿ.

ಶೇ 10 ಹರವು ಇರೋ ಜಾಗದಲ್ಲಿ ಈ ‘ಸಾಮಾನ್ಯ’ ಪಟ್ಟಿಯೊಳಗೆ 100ಕ್ಕೆ 94 ವರ್ಷ ಬೀಳುತ್ತೆ. ಶೇ 30 ಹರವು ಇರೋ ಜಾಗದಲ್ಲಿ ಬೀಳೋದು ಬರೀ 47. ಅಂದ್ರೆ ಅಂಥ ಊರಲ್ಲಿ ‘ಸಾಮಾನ್ಯ’ ಅನ್ನೋದು ಅರ್ಧ ವರ್ಷಗಳಲ್ಲೂ ಆಗಲ್ಲ! ಮಳೆ ಕಡಿಮೆ ಆದಷ್ಟೂ ಹರವು ಶೇಕಡಾ ಲೆಕ್ಕದಲ್ಲಿ ಸಾಮಾನ್ಯವಾಗಿ ಹೆಚ್ಚುತ್ತೆ. ಶಿಕಾರಿಪುರದಿಂದ ಶಿರಾಳಕೊಪ್ಪ ದಾಟಿ ಸೊರಬ, ಚಂದ್ರಗುತ್ತಿ ಕಡೆ ಬಸ್ಸಲ್ಲಿ ಹೋದವರಿಗೆ ಗೊತ್ತು, ಕಿಟಕಿ ಆಚೆ ಜೋಳದ ಹೊಲ ಕಮ್ಮಿಯಾಗ್ತಾ ಗದ್ದೆ, ಅಡಿಕೆ, ಕಾಡು ಬರ್ತಾ ಹೋಗುತ್ತೆ. ಇದೇ ಜಿಲ್ಲೆಯ ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರ್ ದಾಟುತ್ತೆ. ಇದನ್ನೆಲ್ಲ ಒಟ್ಟಿಗೆ ಕಲಸಿ ‘ಶಿವಮೊಗ್ಗ ಜಿಲ್ಲೆಯಲ್ಲಿ ವಾಡಿಕೆ ಮಳೆ’ ಅಂದ್ರೆ, ಅದು ಯಾರ ಹೊಲದ ಮಳೆ?

ಒಂದು ಸಲ ಚಿಕ್ಕಪ್ಪ ಕೇಳಿದ್ರು, ‘ಶೇ 12 ಕಡಿಮೆ ಅಂತ ಬರ್ದಿದಾರೆ. ನೀನು ಬಿಕಾಂ ಓದಿದೀಯಲ್ಲ, ಹೇಳು ನೋಡಾಣ, ಇದು ಬರಾನಾ ಅಲ್ವಾ?’ ಅಂತ. ನಾನಂದೆ, ‘ಚಿಕ್ಕಪ್ಪ, ಹರವು ಗೊತ್ತಿಲ್ದೆ ಹೇಳಕ್ಕಾಗಲ್ಲ.’ ಹರವು 10 ಆದ್ರೆ, ಇಷ್ಟು ಕಡಿಮೆ ಮಳೆ 100 ವರ್ಷದಲ್ಲಿ 11-12 ಸಲ ಬರುತ್ತೆ, ಯೋಚನೆ ಮಾಡೋ ವಿಷಯ. ಹರವು 30 ಆದ್ರೆ 34 ಸಲ ಬರುತ್ತೆ, ಮೂರು ವರ್ಷಕ್ಕೊಮ್ಮೆ. ಅವರು ನಕ್ಕು, ‘ಅದಕ್ಕೇ ನಾವು ಪೇಪರ್ ನೋಡಿ ಬಿತ್ತಲ್ಲ’ ಅಂದ್ರು.

ಅವರು ನೋಡೋದು ಮಳೆ ನಕ್ಷತ್ರ. ಮೃಗಶಿರಾ, ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷಾ, ಮಘಾ. ಒಂದೊಂದು 13-14 ದಿನ. ನಂಬಿಕೆ ಪ್ರಶ್ನೆ ಪಕ್ಕಕ್ಕಿಡಿ, ಲೆಕ್ಕದ ದೃಷ್ಟಿಯಿಂದ ಇದರಲ್ಲಿ ಒಂದು ಬುದ್ಧಿವಂತಿಕೆ ಇದೆ. ನಾಲ್ಕು ತಿಂಗಳ ಮೊತ್ತ ಗಂಟೆ ಆಕಾರಕ್ಕೆ ಬರೋದು ಒಳಗಿನ ಏರಿಳಿತ ಒಂದನ್ನೊಂದು ತಿಂದುಹಾಕೋದ್ರಿಂದ. ಕಿಟಕಿ ಸಣ್ಣದು ಮಾಡಿದಷ್ಟೂ ಹರವು ದೊಡ್ಡದಾಗುತ್ತೆ, ಗಂಟೆ ಸೊಟ್ಟಗಾಗುತ್ತೆ. ಒಂದು ದಿನದ ಮಳೆಗಂತೂ ಗಂಟೆಯೇ ಇಲ್ಲ. ಸೊನ್ನೆಗಿಂತ ಕೆಳಗೆ ಹೋಗೋ ಹಾಗಿಲ್ಲ, ಮೇಲಕ್ಕೆ ಮಾತ್ರ ಎಷ್ಟು ಬೇಕಾದ್ರೂ ಹೋಗಬಹುದು. ಸುಮಾರು ದಿನ ಒಣ, ಕೆಲವು ದಿನ ಜಡಿಮಳೆ.

2019 ನೆನಪಿದೆಯಾ? ದೇಶದ ಲೆಕ್ಕದಲ್ಲಿ ಆ ವರ್ಷ ಜೂನ್‌ನಲ್ಲಿ ಶೇ 33 ಕೊರತೆ. ಕೊನೆಗೆ ಋತುವಿನ ಮೊತ್ತ ಶೇ 110. ಮಧ್ಯೆ ಆಗಸ್ಟ್‌ನಲ್ಲಿ ಕರ್ನಾಟಕ ಪ್ರವಾಹ ನೋಡ್ತು. 2023ರಲ್ಲಿ ಉಲ್ಟಾ. ಆಗಸ್ಟ್‌ನಲ್ಲಿ ಶೇ 36 ಕೊರತೆ, 1901ರಿಂದ ಈಚೆಗೆ ಅಷ್ಟು ಒಣ ಆಗಸ್ಟ್ ದೇಶ ಕಂಡಿರಲಿಲ್ಲ. ಆದ್ರೂ ನಾಲ್ಕು ತಿಂಗಳ ಮೊತ್ತ ಶೇ 94. ಶೇ 94 ಅಂದ್ರೆ ಕೇಳೋಕೆ ಪರವಾಗಿಲ್ಲ ಅನ್ಸುತ್ತೆ. ಆದ್ರೆ ಜೂನ್‌ನಲ್ಲಿ ಬಿತ್ತಿದ ಮೆಕ್ಕೆಜೋಳ ಸೂಲಂಗಿ ಬಿಡೋದು ಆಗಸ್ಟ್‌ನಲ್ಲೇ, ಆಶ್ಲೇಷಾ-ಮಘಾ ಹೊತ್ತಿಗೆ. ಆಗ ನೀರಿಲ್ಲದಿದ್ರೆ ಕಾಳು ಕಟ್ಟಲ್ಲ. ಸೆಪ್ಟೆಂಬರ್‌ನಲ್ಲಿ ಬಂದ ಮಳೆ ಸರಾಸರಿಯನ್ನ ಸರಿ ಮಾಡುತ್ತೆ, ತೆನೆಯನ್ನಲ್ಲ.

ಅದೇ ಆಗಸ್ಟ್ 2023ರಲ್ಲಿ ಸಿ. ಆರ್. ರಾವ್ ತೀರಿಕೊಂಡ್ರು, 102ನೇ ವಯಸ್ಸಲ್ಲಿ. ಜಗತ್ತಿನ ದೊಡ್ಡ ಸಂಖ್ಯಾಶಾಸ್ತ್ರಜ್ಞರಲ್ಲಿ ಒಬ್ಬರು, ಹುಟ್ಟಿದ್ದು ನಮ್ಮ ಹೂವಿನಹಡಗಲಿಯಲ್ಲಿ. ಎಷ್ಟು ಜನಕ್ಕೆ ಗೊತ್ತಿತ್ತು ಹೇಳಿ.

ಇನ್ನೊಂದು ಹೆಸರು ಹೇಳ್ಬೇಕು, ಜೆ. ಎಸ್. ಚಕ್ರವರ್ತಿ. ಮೈಸೂರು ಸಂಸ್ಥಾನದಲ್ಲಿದ್ದವರು. ಶಿಕಾರಿಪುರ, ಸೊರಬ ಎರಡೂ ಆಗ ಆ ಸಂಸ್ಥಾನದ ತಾಲ್ಲೂಕುಗಳೇ. 1915ರ ಸುಮಾರಿಗೆ ಅವರು ಒಂದು ಯೋಜನೆ ಮುಂದಿಟ್ರು, 1920ರಲ್ಲಿ ಅದನ್ನ ಪುಸ್ತಕವಾಗಿ ತಂದ್ರು. ಪ್ರತಿ ರೈತನ ಹೊಲಕ್ಕೂ ಹೋಗಿ ನಷ್ಟ ಅಳೆಯೋದು ಆಗದ ಮಾತು, ಅದರ ಬದಲು ಒಂದು ಪ್ರದೇಶದ ಮಳೆ ಲೆಕ್ಕ ನೋಡಿ, ಮಳೆ ಇಷ್ಟಕ್ಕಿಂತ ಕಡಿಮೆ ಆದ್ರೆ ಅಲ್ಲಿಯವರಿಗೆ ವಿಮೆ ಹಣ ಕೊಟ್ಟುಬಿಡೋಣ ಅನ್ನೋದು ಅದರ ತಿರುಳು. ಅಂಥ ವಿಮೆ ನಿಲ್ಲಬೇಕಾದ್ರೆ ಸರಾಸರಿ ಸಾಲಲ್ಲ. ಎಷ್ಟು ವರ್ಷಕ್ಕೊಮ್ಮೆ, ಎಷ್ಟು ಕೆಳಗೆ ಹೋಗುತ್ತೆ ಅನ್ನೋದು ಗೊತ್ತಿರಬೇಕು. ಹರವಿನ ಮೇಲೆ ಕಟ್ಟಿದ ಯೋಚನೆ ಅದು, ನೂರು ವರ್ಷದ ಹಿಂದೆ, ನಮ್ಮದೇ ರಾಜ್ಯದಲ್ಲಿ. ಇವತ್ತು ಅಡಿಕೆಗೆ ಹವಾಮಾನ ಆಧಾರಿತ ವಿಮೆ ಅಂತ ಕಟ್ತೀವಲ್ಲ, ಅದು ಇದೇ ದಾರಿಯದ್ದು.

ಮೆಕ್ಕೆಜೋಳ, ಭತ್ತಕ್ಕೆ ಫಸಲ್ ಬಿಮಾ. ಮುಂಗಾರು ಬೆಳೆಗೆ ರೈತರು ವಿಮಾ ಮೊತ್ತದ ಶೇ 2 ಕಟ್ತಾರೆ. ಇಲ್ಲಿ ಅಳೆಯೋದು ಮಳೆಯನ್ನಲ್ಲ, ಇಳುವರಿಯನ್ನ. ಮುಖ್ಯ ಬೆಳೆಗಳಿಗೆ ಒಂದು ಗ್ರಾಮ ಪಂಚಾಯಿತಿ ಅಂದ್ರೆ ಒಂದು ಘಟಕ. ಹಿಂದಿನ 7 ವರ್ಷದಲ್ಲಿ ಚೆನ್ನಾಗಿದ್ದ 5 ವರ್ಷದ ಸರಾಸರಿ ತೆಗೆದು, ಅದರ ಶೇ 70, 80 ಅಥವಾ 90ಕ್ಕೆ ಒಂದು ಗೆರೆ ಹಾಕ್ತಾರೆ. ಎಕರೆಗೆ 20, 22, 8, 19, 21, 10, 18 ಕ್ವಿಂಟಲ್ ಅಂತ ಇಟ್ಕೊಳ್ಳಿ. 8 ಮತ್ತು 10 ಬಿಟ್ಟು ಉಳಿದದ್ದರ ಸರಾಸರಿ 20. ಶೇ 80 ಅಂದ್ರೆ ಗೆರೆ 16. ಏಳೂ ವರ್ಷ ಸೇರಿಸಿದ್ರೆ ಗೆರೆ 13.5ಕ್ಕೆ ಇಳೀತಿತ್ತು. ಕೆಟ್ಟ ವರ್ಷ ಬಿಡೋದು ರೈತರ ಪರವಾದ ನಿಯಮ, ಒಪ್ಪಲೇಬೇಕು.

ಆಮೇಲೆ ಈ ವರ್ಷದ ಇಳುವರಿ. ಪಂಚಾಯಿತಿಯಲ್ಲಿ ನಾಲ್ಕು ಜಾಗದಲ್ಲಿ ಬೆಳೆ ಕಟಾವು ಪ್ರಯೋಗ ಮಾಡಿ, ತೂಕ ಹಾಕಿ, ಸರಾಸರಿ ತೆಗೀತಾರೆ. ಅದು 16ಕ್ಕಿಂತ ಕೆಳಗಿದ್ರೆ ಇಡೀ ಪಂಚಾಯಿತಿಗೆ ಹಣ. ಮೇಲಿದ್ರೆ ಯಾರಿಗೂ ಇಲ್ಲ. ನಿಮ್ಮ ಹೊಲದಲ್ಲಿ 9 ಬಂದಿರಬಹುದು, ಪಂಚಾಯಿತಿ ಸರಾಸರಿ 17 ಆದ್ರೆ ಮುಗೀತು. ಆಲಿಕಲ್ಲಿನಂಥ ಸ್ಥಳೀಯ ನಷ್ಟಕ್ಕೆ ಮಾತ್ರ ನಿಮ್ಮೊಬ್ಬರ ಹೊಲ ನೋಡ್ತಾರೆ, ಅದಕ್ಕೂ 72 ಗಂಟೆಯೊಳಗೆ ತಿಳಿಸಿರಬೇಕು.

ಇದಕ್ಕಿಂತ ನನ್ನನ್ನ ಹೆಚ್ಚು ಕಾಡೋದು ಆ ‘ನಾಲ್ಕು’. ಹೊಲದಿಂದ ಹೊಲಕ್ಕೆ ಇಳುವರಿಯ ಹರವು 6 ಕ್ವಿಂಟಲ್ ಅಂತ ಊಹಿಸಿ. ನಾಲ್ಕು ಹೊಲದ ಸರಾಸರಿಯ ಹರವು ಅದರ ಅರ್ಧ, 3. ನಾಲ್ಕರ ವರ್ಗಮೂಲ ಎರಡು, ಅದಕ್ಕೆ ಅರ್ಧ. ಈಗ ಪಂಚಾಯಿತಿಯ ನಿಜವಾದ ಸರಾಸರಿ 14, ಅಂದ್ರೆ ಹಣ ಬರಲೇಬೇಕು. ಆದ್ರೂ ಆರಿಸಿದ ನಾಲ್ಕು ಹೊಲ ಸ್ವಲ್ಪ ಚೆನ್ನಾಗಿದ್ದು ಸರಾಸರಿ 16 ದಾಟೋ ಸಾಧ್ಯತೆ ಎಷ್ಟು? ಗಂಟೆ ಲೆಕ್ಕದಲ್ಲಿ 100ಕ್ಕೆ 25. ನಾಲ್ಕು ಸಲಕ್ಕೆ ಒಂದು ಸಲ, ಯಾರೂ ಮೋಸ ಮಾಡದೆ, ಯಾರೂ ಸುಳ್ಳು ಬರೆಯದೆ, ಇಡೀ ಪಂಚಾಯಿತಿಗೆ ಸಿಗಬೇಕಾದ ಹಣ ಸಿಗಲ್ಲ. ಉಲ್ಟಾನೂ ಆಗಬಹುದು, ಬರಬಾರದ ಕಡೆ ಬರಬಹುದು. 16 ಹೊಲ ಕಟಾವು ಮಾಡಿದ್ರೆ ಹರವು 1.5ಕ್ಕೆ ಇಳಿಯುತ್ತೆ, ತಪ್ಪೋ ಸಾಧ್ಯತೆ 100ಕ್ಕೆ 9ಕ್ಕೆ ಬರುತ್ತೆ. ಆದ್ರೆ ಖರ್ಚು, ಜನ, ಸಮಯ ನಾಲ್ಕು ಪಟ್ಟು. ನನ್ನ ಅಂಕಿಗಳು ಊಹೆಯವು, ನಿಮ್ಮ ಪಂಚಾಯಿತಿಯ ಹರವು ಬೇರೆ ಇರುತ್ತೆ. ಗಣಿತ ಮಾತ್ರ ಇದೇ.

ಹಾಗಾಗಿ ‘ಪಕ್ಕದ ಪಂಚಾಯಿತಿಗೆ ಬಂತು, ನಮಗ್ಯಾಕೆ ಬರಲಿಲ್ಲ’ ಅಂತ ಜಗಳ ಆದಾಗ, ಯಾರು ದುಡ್ಡು ತಿಂದ್ರು ಅಂತ ಕೇಳೋ ಮೊದಲು ಕೇಳಬೇಕಾದ್ದು ಬೇರೆ ಇದೆ. ಯಾವ ನಾಲ್ಕು ಸರ್ವೆ ನಂಬರ್‌ನಲ್ಲಿ ಕಟಾವು ಆಯ್ತು? ಒಂದೊಂದರಲ್ಲೂ ಎಷ್ಟು ಬಂತು? ನಮ್ಮ ಗೆರೆ ಎಷ್ಟಿತ್ತು? ನಾಲ್ಕು ತೂಕ 15, 16, 17, 18 ಇದ್ರೆ ಒಂದು ಕಥೆ. 6, 9, 22, 29 ಇದ್ರೆ ಇನ್ನೊಂದು ಕಥೆ, ಸರಾಸರಿ ಎರಡರದ್ದೂ 16.5 ಆದ್ರೂ. ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಅಪ್ಪ ಕೇಳೋಕೆ ಸಂಕೋಚ ಪಟ್ಟರೆ ನೀವು ಕೇಳಿ. ಮಳೆಗೂ ಅಷ್ಟೇ. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಮಳೆಮಾಪಕ ಇಟ್ಟಿದೆ, ಜಿಲ್ಲೆಯ ಸರಾಸರಿ ಬಿಟ್ಟು ನಿಮ್ಮ ಊರಿನ ಅಂಕಿ ನೋಡಿ.

ಮುಂದಿನ ವಾರ ಅಡಿಕೆ ರೇಟು. ಅದಕ್ಕೆ ಗಂಟೆ ಆಕಾರ ಹಾಕಿದವರು ಯಾಕೆ ಕೈ ಸುಟ್ಕೊಳ್ತಾರೆ ಅಂತ ಮಾತಾಡೋಣ. ನಿಮ್ಮ ಪಂಚಾಯಿತಿಯ ಕಟಾವು ತೂಕ ಯಾರಿಗಾದ್ರೂ ಸಿಕ್ಕಿದ್ರೆ ವಾಯ್ಸ್ ನೋಟ್ ಕಳಿಸಿ, ಹರವು ನಾನು ಹಾಕಿ ಹೇಳ್ತೀನಿ.