ರೊಟ್ಟಿ ಬಡಿಯುವ ಕೈ, ಸಹಿ ಮಾಡುವ ಕೈ

(ಶತಮಾನೋತ್ಸವದ ಮಹಿಳಾ ಗೋಷ್ಠಿಯಲ್ಲಿ ಶಾಲೆಯ ಹಳೆಯ ವಿದ್ಯಾರ್ಥಿನಿ, ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರು ಮಾಡಿದ ಭಾಷಣದ ಬರಹರೂಪ)



ಅಕ್ಕಲಕೋಟೆ ಸಂಸ್ಥಾನದ ಕಾಲದಲ್ಲಿ ಕಣ್ದೆರೆದ ನಮ್ಮ ಶಾಲೆಗೆ ನೂರು ವರ್ಷ ತುಂಬಿದ ಈ ಹೊತ್ತಿನಲ್ಲಿ ಇಲ್ಲಿ ನಿಂತು ಮಾತನಾಡುವ ಅವಕಾಶ ದೊರೆತದ್ದು ನನ್ನ ಭಾಗ್ಯ. ‘ಹವಾಮಾನ ಬದಲಾವಣೆ ಮತ್ತು ಮಹಿಳೆಯರ ಹಸಿರು ಉದ್ಯಮ’ ಎಂಬುದು ನನಗೆ ಒಪ್ಪಿಸಿದ ವಿಷಯ. ವಿಷಯ ದೊಡ್ಡದು. ನಾನು ಅದನ್ನು ನಮ್ಮ ಶಾಲೆಯ ಹಾಜರಿ ಪುಸ್ತಕದಿಂದ ಆರಂಭಿಸುತ್ತೇನೆ.

ನಾವು ಓದುತ್ತಿದ್ದ ದಿನಗಳಲ್ಲಿ ದೀಪಾವಳಿಯ ರಜೆ ಮುಗಿದು ತರಗತಿ ಸೇರಿದಾಗ ಕೆಲವು ಜಾಗಗಳು ಖಾಲಿ ಇರುತ್ತಿದ್ದವು. ಗುರುಗಳು ಹೆಸರು ಕೂಗುತ್ತಿದ್ದರು. ಉತ್ತರ ಬಾರದಾಗ ಕ್ಷಣಕಾಲ ತಡೆದು ಮುಂದಿನ ಹೆಸರಿಗೆ ಹೋಗುತ್ತಿದ್ದರು. ಆ ಮಕ್ಕಳು ತಂದೆತಾಯಿಯರೊಡನೆ ಕಬ್ಬು ಕಡಿಯಲು ಹೋಗಿರುತ್ತಿದ್ದರು. ಯುಗಾದಿಯ ಹೊತ್ತಿಗೆ ಮರಳಿ ಬಂದವರಲ್ಲಿ ಕೆಲವರು, ಅದರಲ್ಲೂ ಹೆಣ್ಣುಮಕ್ಕಳು, ಮತ್ತೆ ಪಾಟಿಚೀಲ ಹಿಡಿಯಲೇ ಇಲ್ಲ. ಮಳೆ ಹದವಾಗಿ ಬಂದ ವರ್ಷ ಖಾಲಿ ಜಾಗಗಳು ಕಡಿಮೆ. ಬರ ಬಿದ್ದ ವರ್ಷ ಹೆಚ್ಚು. ಈ ಸೀಮೆಯ ಮಳೆಯ ಚರಿತ್ರೆಯನ್ನು ಬರೆಯಬೇಕೆನ್ನುವವರು ನಮ್ಮ ಹಾಜರಿ ಪುಸ್ತಕಗಳನ್ನು ನೋಡಿದರೂ ಸಾಕು.

ಸೋಲಾಪುರದ ಸೀಮೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 550 ಮಿಲಿಮೀಟರ್. 1972ರ ಬರವನ್ನು ಇಲ್ಲಿರುವ ಹಿರಿಯರು ಕಣ್ಣಾರೆ ಕಂಡಿದ್ದಾರೆ. 2003, 2012–13, 2015–16ರ ಬರಗಳನ್ನು ನಾವೆಲ್ಲರೂ ಕಂಡಿದ್ದೇವೆ. 2016ರ ಏಪ್ರಿಲ್‌ನಲ್ಲಿ ನೆರೆಯ ಲಾತೂರಿಗೆ ಮೀರಜದಿಂದ ರೈಲಿನಲ್ಲಿ ಕುಡಿಯುವ ನೀರು ಸಾಗಿತು. ನಾಲ್ಕೇ ವರ್ಷಗಳ ನಂತರ, 2020ರ ಅಕ್ಟೋಬರಿನಲ್ಲಿ, ಇದೇ ಜಿಲ್ಲೆಯಲ್ಲಿ ಅತಿವೃಷ್ಟಿಯಿಂದ ಹೊಲಗಳು ಕೊಚ್ಚಿಹೋದವು. ಬೇಕಾದಾಗ ಬಾರದ ಮಳೆ ಬೇಡವಾದಾಗ ಒಮ್ಮೆಲೇ ಬರುವುದು ಈಗ ಅಪರೂಪದ ಸಂಗತಿಯಾಗಿ ಉಳಿದಿಲ್ಲ.

ಇಂಥ ನೆಲಕ್ಕೆ ನಮ್ಮ ಹಿರಿಯರು ಕಂಡುಕೊಂಡ ಉತ್ತರ ಹಿಂಗಾರಿ ಜೋಳ. ಎರೆಮಣ್ಣು ಮಳೆಗಾಲದ ತೇವವನ್ನು ತನ್ನ ಒಡಲಲ್ಲಿ ಹಿಡಿದಿಡುತ್ತದೆ. ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಬಿತ್ತಿದ ಜೋಳ ಆ ತೇವವನ್ನೇ ಉಂಡು, ಚಳಿಯ ಇಬ್ಬನಿಯಲ್ಲಿ ಬೆಳೆದು, ಫೆಬ್ರವರಿಯ ಹೊತ್ತಿಗೆ ಕಟಾವಿಗೆ ಬರುತ್ತದೆ. ಕಾಳು ಮನುಷ್ಯರಿಗೆ, ಕಣಿಕೆ ದನಗಳಿಗೆ. ನಾವು ಬಿತ್ತುವ ಮಾಲದಂಡಿ ಜೋಳದ ತಳಿಯನ್ನು ಆರಿಸಿದ್ದು ಇದೇ ಜಿಲ್ಲೆಯ ಮೋಹೋಳದಲ್ಲಿ, 1930ರ ದಶಕದಲ್ಲಿ. ಮಂಗಳವೇಢೆಯ ಜೋಳಕ್ಕೆ 2016ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಆದರೂ ನೀರಿನ ಆಸರೆ ಸಿಕ್ಕಲ್ಲೆಲ್ಲ ರೈತ ಕಬ್ಬಿನ ಕಡೆಗೆ ಹೊರಳಿದ. ಜೋಳಕ್ಕಿಂತ ಮೂರ್ನಾಲ್ಕು ಪಟ್ಟು ನೀರು ಬೇಡುವ ಬೆಳೆ ಅದು. ಅವನನ್ನು ದೂಷಿಸಿ ಫಲವಿಲ್ಲ; ಕಬ್ಬಿಗೆ ಖಚಿತವಾದ ಗಿರಾಕಿಯಿದ್ದಾನೆ, ಜೋಳಕ್ಕೆ ಇರಲಿಲ್ಲ.

ಆ ಗಿರಾಕಿಯನ್ನು ಸೃಷ್ಟಿಸಿದವರು ನಮ್ಮ ತಾಯಂದಿರು. ಕೈಯಲ್ಲಿ ಬಡಿದು, ಸುಟ್ಟು, ಗರಿಗರಿಯಾಗಿ ಒಣಗಿಸಿದ ಕಡಕ್ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ. ಅದನ್ನೂ ಶೇಂಗಾ ಚಟ್ನಿಯನ್ನೂ ಕಟ್ಟಿ ಪುಣೆ, ಮುಂಬಯಿಗಳ ತನಕ ಕಳಿಸಬಹುದೆಂದು ಅವರು ತೋರಿಸಿಕೊಟ್ಟರು. ಇದನ್ನು ನಾನು ಹಸಿರು ಉದ್ಯಮ ಎನ್ನುತ್ತೇನೆ. ರೊಟ್ಟಿಗೆ ಬೇಡಿಕೆಯಿದ್ದರೆ ಜೋಳಕ್ಕೆ ಬೆಲೆ. ಜೋಳಕ್ಕೆ ಬೆಲೆಯಿದ್ದರೆ ಕಡಿಮೆ ನೀರಿನ ಬೆಳೆ ಹೊಲದಲ್ಲಿ ಉಳಿಯುತ್ತದೆ. ಬೆಳೆ ಉಳಿದರೆ ಕಣಿಕೆಯುಂಟು, ದನ ಮಾರುವ ಪ್ರಸಂಗ ಬಾರದು. ಕುಂದು ಇಲ್ಲವೆಂದಲ್ಲ. ಕಟ್ಟಿಗೆಯ ಒಲೆಯ ಮುಂದೆ ದಿನವಿಡೀ ಕುಳಿತವಳ ಕಣ್ಣು, ಎದೆ ಹೊಗೆ ಕುಡಿಯುತ್ತವೆ. ಹೊಗೆ ಕಡಿಮೆ ಮಾಡುವ ಒಲೆಗೂ ನೆರವು ದೊರೆತಾಗಲೇ ಈ ಉದ್ಯಮ ಪೂರ್ತಿ ಹಸಿರಾದೀತು.

ಇನ್ನು ನೆರವಿನ ಮಾತು. ಇಲ್ಲಿ ನಾನು ನನ್ನದೇ ಒಂದು ತಪ್ಪನ್ನು ಹೇಳಿಕೊಳ್ಳಬೇಕು.

1998ರಲ್ಲಿ ನಾನು ಒಂದು ಬ್ಯಾಂಕಿನಲ್ಲಿ ಸಾಲ ವಿಭಾಗ ನೋಡುತ್ತಿದ್ದೆ. ನನ್ನ ಶಾಲಾ ಗೆಳತಿಯ ತಾಯಿ, ನಾವೆಲ್ಲರೂ ‘ಕಾಕು’ ಎನ್ನುತ್ತಿದ್ದವರು, ಹತ್ತು ಸಾವಿರ ರೂಪಾಯಿ ಸಾಲ ಕೇಳಿಕೊಂಡು ಬಂದರು. ಸುಗ್ಗಿಯಲ್ಲಿ ಜೋಳ ಅಗ್ಗ. ಆಗಲೇ ಕೊಂಡಿಟ್ಟರೆ ವರ್ಷವಿಡೀ ರೊಟ್ಟಿ ಮಾಡಿ ಮಾರಬಹುದು ಎಂಬುದು ಅವರ ಲೆಕ್ಕ. ನಾನು ಸಾತ್‌ಬಾರಾ ಉತಾರೆ ಕೇಳಿದೆ. ಹೊಲ ಗಂಡನ ಹೆಸರಿನಲ್ಲಿತ್ತು. ಗಂಡ ಕಬ್ಬಿನ ಕೆಲಸಕ್ಕೆ ಹೋಗಿದ್ದರು. ಅವರ ಸಹಿಯಿಲ್ಲದೆ ಆಗದು ಎಂದೆ. ಕಾಕು ಎದ್ದು ನಿಂತು, “ಯವ್ವಾ, ರೊಟ್ಟಿ ಬಡಿಯೋ ಕೈ ನಂದು. ಸಹಿ ಮಾಡೋ ಕೈ ಮಾತ್ರ ಅವರದ ಬೇಕೇನು?” ಎಂದು ಕೇಳಿ ಹೊರಟುಹೋದರು.

ಆ ವರ್ಷ ಅವರು ಸಾವುಕಾರರ ಸಾಲದಲ್ಲಿ ಜೋಳ ಕೊಂಡರು. ಲಾಭವನ್ನೆಲ್ಲ ಬಡ್ಡಿ ನುಂಗಿತು. ದೀಪಾವಳಿಯ ನಂತರ ಇಡೀ ಮನೆ ಕಬ್ಬಿನ ಗಾಡಿ ಏರಿತು. ಅವರ ಕಿರಿಯ ಮಗಳು ಇದೇ ಶಾಲೆಯಲ್ಲಿ ಏಳನೆಯ ತರಗತಿಯಲ್ಲಿದ್ದಳು. ಮರುವರ್ಷದ ಹಾಜರಿಯಲ್ಲಿ ಅವಳ ಹೆಸರಿರಲಿಲ್ಲ.

ನಾನು ನಿಯಮ ಪಾಲಿಸಿದೆ ಎಂದು ಬಹುಕಾಲ ಸಮಾಧಾನ ಮಾಡಿಕೊಂಡೆ. ಆದರೆ ದಾರಿ ನಿಯಮದಲ್ಲೇ ಇತ್ತು. ಸ್ವಸಹಾಯ ಗುಂಪುಗಳಿಗೆ ಅಡಮಾನವಿಲ್ಲದೆ ಸಾಲ ನೀಡುವ ಯೋಜನೆಯನ್ನು ನಬಾರ್ಡ್ 1992ರಲ್ಲಿಯೇ ಆರಂಭಿಸಿತ್ತು. ಹತ್ತು ಮಂದಿ ಸೇರಿ ಉಳಿತಾಯ ಮಾಡಿ ಬನ್ನಿ ಎಂಬ ಒಂದು ಮಾತನ್ನು ನಾನು ಹೇಳಲಿಲ್ಲ. ಮೂರು ವರ್ಷಗಳ ನಂತರ ಹೇಳಿದೆ. ಕಾಕು ಗುಂಪು ಕಟ್ಟಿದರು, ಸಾಲ ಪಡೆದರು, ಕಂತು ತಪ್ಪದೆ ತೀರಿಸಿದರು. 2012–13ರ ಬರದಲ್ಲಿ ಆ ಗುಂಪಿನ 12 ಮನೆಗಳ ಪೈಕಿ 9 ಮನೆಗಳು ಊರಲ್ಲೇ ಉಳಿದವು. ಆ ಕಿರಿಯ ಮಗಳ ಓದು ಮಾತ್ರ ಮರಳಲಿಲ್ಲ.

ನನ್ನ ಅರಿವಿಗೆ ಬಂದ ಸತ್ಯ ಇಷ್ಟೇ: ಇಂಥ ಹೆಣ್ಣುಮಕ್ಕಳಿಗೆ ಬೇಕಾದದ್ದು ಹೊಗಳಿಕೆಯೂ ಅಲ್ಲ, ದಾನವೂ ಅಲ್ಲ. ಸಕಾಲಕ್ಕೆ ಬಂಡವಾಳ, ದಾಖಲೆಯಲ್ಲಿ ಹೆಸರು, ನಂಬಿಕೆಯ ಗಿರಾಕಿ. ಸುಗ್ಗಿಯಲ್ಲಿ ಬೇಕಾದ ಹಣ ಮಳೆಗಾಲದಲ್ಲಿ ಮಂಜೂರಾದರೆ ದುಬಾರಿ ಜೋಳ ಕೊಳ್ಳಬೇಕು. ವರ್ಷವಿಡೀ ಮಾರುವ ಸರಕಿಗೆ ಮರುತಿಂಗಳೇ ದೊಡ್ಡ ಕಂತು ಕೇಳಿದರೆ, ಕಂತಿಗಾಗಿ ಇನ್ನೊಂದು ಸಾಲ ಹುಟ್ಟುತ್ತದೆ.

ನಮ್ಮ ಸುತ್ತಲಿನ ಬರದ ನಾಡುಗಳಲ್ಲಿ ಇದನ್ನು ಅರಿತು ನಡೆದವರಿದ್ದಾರೆ. ಸಾತಾರಾ ಜಿಲ್ಲೆಯ ಮ್ಹಸವಡದಲ್ಲಿ ಚೇತನಾ ಸಿನ್ಹಾ ಅವರೂ ಊರ ಹೆಣ್ಣುಮಕ್ಕಳೂ ಬ್ಯಾಂಕ್ ತೆರೆಯಲು ಹೊರಟಾಗ, ಅವರಲ್ಲಿ ಹಲವರಿಗೆ ಓದುಬರಹ ಬಾರದೆಂಬ ಕಾರಣಕ್ಕೆ ಮೊದಲ ಅರ್ಜಿ ತಿರಸ್ಕೃತವಾಯಿತು. ಅವರು ಅಕ್ಷರ ಕಲಿಯತೊಡಗಿದರು. ಮತ್ತೆ ಹೋಗಿ, ಬಾಯಿಲೆಕ್ಕದಲ್ಲೇ ಬಡ್ಡಿ ಹೇಳುತ್ತೇವೆ, ಪರೀಕ್ಷಿಸಿರಿ ಎಂದರು. 1997ರಲ್ಲಿ ಮಾಣದೇಶಿ ಮಹಿಳಾ ಸಹಕಾರಿ ಬ್ಯಾಂಕ್ ಆರಂಭವಾಯಿತು. 1993ರ ಕಿಲ್ಲಾರಿ ಭೂಕಂಪದ ಅವಶೇಷಗಳ ನಡುವಿನಿಂದ ಬೆಳೆದ ಪ್ರೇಮಾ ಗೋಪಾಲನ್ ಅವರ ಸ್ವಯಂ ಶಿಕ್ಷಣ ಪ್ರಯೋಗವು ಮರಾಠವಾಡೆಯ ಹೆಣ್ಣುಮಕ್ಕಳಿಗೆ ಕುಟುಂಬದ ಹೊಲದಲ್ಲಿ ಒಂದೆಕರೆಯಷ್ಟು ನೆಲವನ್ನು ಕೇಳಿ ಪಡೆಯಲು ಕಲಿಸಿತು. ಅದರಲ್ಲಿ ಕಡಿಮೆ ನೀರಿನ ಧಾನ್ಯ, ಬೇಳೆ, ತರಕಾರಿಗಳ ಮಿಶ್ರ ಬೆಳೆ. ಅತ್ತ ಬೀದರಿಗೆ ಹತ್ತಿರದ ಜಹೀರಾಬಾದಿನಲ್ಲಿ, ಮೈಸೂರಿನ ಮಗ ಪಿ.ವಿ. ಸತೀಶ್ ಅವರು ಕಟ್ಟಿದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ದಲಿತ ಮಹಿಳೆಯರು ಜೋಳ, ಸಜ್ಜೆ, ನವಣೆಗಳ ಬೀಜವನ್ನು ಮನೆಮನೆಯಲ್ಲಿ ಕಾಪಾಡಿದರು. ಈ ಎರಡೂ ಸಂಸ್ಥೆಗಳಿಗೆ 2016 ಹಾಗೂ 2019ರಲ್ಲಿ ವಿಶ್ವಸಂಸ್ಥೆಯ ಈಕ್ವೇಟರ್ ಪ್ರಶಸ್ತಿ ಸಂದಿತು.

ಇಷ್ಟಾದರೂ 2015–16ರ ಕೃಷಿ ಗಣತಿಯ ಪ್ರಕಾರ ದೇಶದಲ್ಲಿ ಮಹಿಳೆಯರು ನಡೆಸುವ ಹಿಡುವಳಿಗಳು ನೂರಕ್ಕೆ ಸುಮಾರು 14 ಮಾತ್ರ. ಇದೇ ಮಹಾರಾಷ್ಟ್ರದಲ್ಲಿ 1990ರ ಸುಮಾರಿಗೆ ಶರದ್ ಜೋಶಿಯವರ ಶೇತಕರಿ ಸಂಘಟನೆಯು ‘ಲಕ್ಷ್ಮೀ ಮುಕ್ತಿ’ ಎಂಬ ಅಭಿಯಾನ ನಡೆಸಿ, ಹೊಲದ ಒಂದು ಪಾಲನ್ನು ಹೆಂಡತಿಯ ಹೆಸರಿಗೆ ಮಾಡಿರೆಂದು ಗಂಡಂದಿರನ್ನು ಕೇಳಿತು. ಅನೇಕ ಊರುಗಳು ಕೇಳಿದ್ದನ್ನು ನಡೆಸಿಕೊಟ್ಟವು.

ಆದುದರಿಂದ ಈ ಸಭೆಯಲ್ಲಿ ನನ್ನ ಬೇಡಿಕೆಗಳು ಮೂರು.

ಪಾಲಕರೇ, ಮನೆಯ ಉತಾರೆಯಲ್ಲಿ ಹೆಣ್ಣುಮಗಳ ಹೆಸರನ್ನು ಸೇರಿಸಿರಿ. 2005ರ ತಿದ್ದುಪಡಿಯ ನಂತರ ಹಿಂದೂ ಉತ್ತರಾಧಿಕಾರ ಕಾನೂನು ಮಗಳಿಗೆ ಮಗನಷ್ಟೇ ಹಕ್ಕು ಕೊಟ್ಟಿದೆ. ಹೆಂಡತಿಯ ವಿಷಯದಲ್ಲಿ ಕಾನೂನಿಗಾಗಿ ಕಾಯಬೇಕಾಗಿಲ್ಲ.

ಸೋಲಾಪುರ, ಪುಣೆ, ಬೆಂಗಳೂರುಗಳಲ್ಲಿ ನೆಲೆಸಿರುವ ಹಳೆಯ ವಿದ್ಯಾರ್ಥಿಗಳೇ, ಊರಿನ ಗುಂಪಿನಿಂದ ತಿಂಗಳಿಗೆ ಇಷ್ಟು ರೊಟ್ಟಿ ಎಂದು ನಿಶ್ಚಯಿಸಿಕೊಳ್ಳಿರಿ, ಮತ್ತು ಹಣವನ್ನು ಕೂಡಲೇ ಕೊಡಿರಿ. ಉದ್ರಿ ಹೇಳಿ ತಿಂಗಳುಗಟ್ಟಲೆ ಕಾಯಿಸುವ ಗಿರಾಕಿ ಬರಕ್ಕಿಂತ ಮೇಲಲ್ಲ.

ಗುರುವೃಂದವೇ, ನಮ್ಮ ತಾಯಂದಿರ ಮಾತು ಕನ್ನಡ, ಕಚೇರಿಯ ಅರ್ಜಿ ಮರಾಠಿ, ಬ್ಯಾಂಕಿನ ಕಾಗದ ಇಂಗ್ಲಿಷ್. ಈ ಮೂರನ್ನೂ ಓದಬಲ್ಲವರು ನಮ್ಮ ಶಾಲೆಯ ಮಕ್ಕಳು. ಒಂಬತ್ತನೆಯ ತರಗತಿಯ ಮಕ್ಕಳು ವಾರಕ್ಕೊಂದು ಗಂಟೆ ಗುಂಪಿನ ಲೆಕ್ಕ ಬರೆದುಕೊಡಲಿ, ಬಂದ ಕಾಗದವನ್ನು ಕನ್ನಡದಲ್ಲಿ ಓದಿಹೇಳಲಿ. ಕನ್ನಡ ಶಾಲೆ ಏಕೆ ಬೇಕು ಎಂದು ಕೇಳುವವರಿಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ತಿಳಿಯದು.

ನಮ್ಮದು ಸೊನ್ನಲಿಗೆಯ ಸಿದ್ಧರಾಮೇಶ್ವರರು ಕೆರೆ ಕಟ್ಟಿಸಿದ ನೆಲ. ನೀರಿಲ್ಲದ ಊರಲ್ಲಿ ನೀರು ನಿಲ್ಲಿಸುವುದೇ ಪೂಜೆಯೆಂದು ತಿಳಿದ ಪರಂಪರೆ. ಅದೇ ಶರಣರ ನಡುವೆ ಕೊಟ್ಟಣ ಕುಟ್ಟಿ ಬದುಕಿದ ಸೋಮಮ್ಮನೆಂಬ ತಾಯಿಯೂ ಇದ್ದಳು. ಎಂಟುನೂರು ವರ್ಷಗಳ ನಂತರವೂ ನಾವು ಅವಳನ್ನು ‘ಕೊಟ್ಟಣದ ಸೋಮಮ್ಮ’ ಎಂದು ಅವಳ ಕಾಯಕದ ಹೆಸರಿನಿಂದಲೇ ಕರೆಯುತ್ತೇವೆ. ಇಂಥವರ ಹೆಂಡತಿ ಎಂದಲ್ಲ.

ಮುಂದಿನ ದೀಪಾವಳಿಯ ರಜೆ ಮುಗಿದ ದಿನ, ಗುರುಗಳು ಹೆಸರು ಕೂಗಿದಾಗ ಪ್ರತಿಯೊಂದು ಹೆಸರಿಗೂ ‘ಹಾಜರ್’ ಎಂಬ ಉತ್ತರ ಬರಲಿ. ಶತಮಾನ ಕಂಡ ನಮ್ಮ ಶಾಲೆಗೆ ನಾನು ಬಯಸುವುದು ಇಷ್ಟು.