ಪ್ರಾಗ್ ನಗರದ ಬೀದಿಯಲ್ಲಿ ಎದ್ದ ಪ್ರಶ್ನೆ



2000ನೇ ಇಸವಿಯ ಸೆಪ್ಟೆಂಬರ್ 26ರಂದು ಚೆಕ್ ಗಣರಾಜ್ಯದ ರಾಜಧಾನಿ ಪ್ರಾಗ್‌ನಲ್ಲಿ ವಿಶ್ವಬ್ಯಾಂಕ್ ಹಾಗೂ ಅಂತಾರಾಷ್ಟ್ರೀಯ ಹಣಕಾಸು ನಿಧಿಯ ವಾರ್ಷಿಕ ಸಭೆ ಸೇರಿತ್ತು. ಬಡ ದೇಶಗಳ ಸಾಲ ಮನ್ನಾ ಆಗಲೆಂದು ಸಾವಿರಾರು ಜನರು ಹಳದಿ, ಗುಲಾಬಿ, ನೀಲಿ ಬಣ್ಣಗಳ ಗುರುತಿನಲ್ಲಿ ಮೂರು ಮೆರವಣಿಗೆಗಳಾಗಿ ಸಭಾಭವನದತ್ತ ಹೊರಟರು. ಆಳವಾದ ಕಣಿವೆಯನ್ನು ದಾಟುವ ನುಸ್ಲೆ ಸೇತುವೆಯ ಮೇಲೆ ಪೊಲೀಸರು ಹಳದಿ ಮೆರವಣಿಗೆಯನ್ನು ತಡೆದರು. ಬೇರೆಡೆ ಕಲ್ಲುಗಳು ತೂರಿಬಂದವು, ಬೆಂಕಿಯ ಸೀಸೆಗಳೂ ಸಿಡಿದವು. ಸಾಲದ ಪ್ರಶ್ನೆಯನ್ನು ಆ ಹೊಗೆಯೇ ಮರೆಮಾಡಿತೆನ್ನಬೇಕು. ಸಭೆಯಂತೂ ನಿಗದಿತ ದಿನಕ್ಕಿಂತ ಒಂದು ದಿನ ಮೊದಲೇ ಮುಗಿಯಿತು.

ಈ ಸಂಸ್ಥೆಗಳಲ್ಲಿ ಮತದ ಎಣಿಕೆ ತಲೆಗಳಿಂದಲ್ಲ, ಹೂಡಿದ ಹಣದಿಂದ. ನಿಧಿಯ ಅತಿ ಮಹತ್ವದ ನಿರ್ಣಯಗಳಿಗೆ ಶೇಕಡ 85ರಷ್ಟು ಮತ ಬೇಕು. ಶೇಕಡ 16ಕ್ಕಿಂತ ಹೆಚ್ಚು ಮತವುಳ್ಳ ಅಮೆರಿಕ ಒಂದೇ ಅವನ್ನು ತಡೆಯಬಲ್ಲದು. ಗ್ರಾಮಸಭೆಯಲ್ಲಿ ದೊಡ್ಡ ತೋಟದವನಿಗೆ ನೂರು ಕೈ ಎತ್ತುವ ಹಕ್ಕು ಕೊಟ್ಟರೆ ಹೇಗೋ ಹಾಗೆ!

ಈ ಲೆಕ್ಕದ ಬಿಸಿ ನರ್ಮದಾ ಕಣಿವೆಗೆ ಮೊದಲೇ ತಟ್ಟಿತ್ತು. ಸರ್ದಾರ್ ಸರೋವರಕ್ಕೆ ಬ್ಯಾಂಕು 1985ರಲ್ಲಿ 45 ಕೋಟಿ ಡಾಲರ್ ಸಾಲವನ್ನು ಒಪ್ಪಿದಾಗ, ಮುಳುಗಲಿದ್ದ ಊರುಗಳಿಗೆ ಅಲ್ಲಿ ಮತವಿರಲಿಲ್ಲ. ಜನರು ಬೀದಿಗಿಳಿದರು. ಬ್ಯಾಂಕೇ ನೇಮಿಸಿದ ಸ್ವತಂತ್ರ ಸಮಿತಿ 1992ರಲ್ಲಿ ಯೋಜನೆ ದೋಷಪೂರ್ಣವೆಂದಿತು. 1993ರಲ್ಲಿ ಸಾಲ ನಿಂತಿತು. ಅಣೆಕಟ್ಟು ನಿಲ್ಲಲಿಲ್ಲ, 2017ರಲ್ಲಿ ಅದರ ಉದ್ಘಾಟನೆಯೂ ನಡೆಯಿತು.